ಒಂದು ಪಾಲಿಗೆ ನಾಲ್ಕು ಪಾಲು ಕೊಬ್ಬು

ಮಗಳಿಗೆ ಅನ್ನ ನಿಲ್ಲಿಸಬೇಕು ಎಂದು ಡಾಕ್ಟರು ಹೇಳಿದ ದಿನವೇ ನನ್ನ ಅಂಗಡಿಗೆ ಅಕ್ಕಿಯ ಲೋಡು ಬಂದಿತ್ತು. ಲಾರೆಲ್‌ನಲ್ಲಿ ನನ್ನದೊಂದು ಇಂಡಿಯನ್ ಗ್ರೋಸರಿ. ಮನೆ ಅಲ್ಲಿಂದ ಸ್ವಲ್ಪ ದೂರ, ಕೊಲಂಬಿಯಾ ಎಂಬ ಊರಿನಲ್ಲಿ; ಎರಡೂ ಅಮೆರಿಕದವೇ. ಆಸ್ಪತ್ರೆಯಿಂದ ನೇರ ಅಂಗಡಿಗೆ ಹೋಗಿ ಚೀಲ ಇಳಿಸಿಕೊಂಡೆ. ಹರಿದು ಬಂದ ಚೀಲಗಳ ವಿಷಯದಲ್ಲಿ ಟ್ರಕ್ಕಿನವನ ಜೊತೆ ವಾದ ಮಾಡಿ, ಅವನ್ನು ಅವನ ತಲೆಗೇ ಕಟ್ಟಿ ವಾಪಸು ಕಳಿಸಿದೆ. ಅವನು ಹೋದ ಮೇಲೆ ಆ ಚೀಲಗಳ ಅಟ್ಟಿಯ ಮುಂದೆ ನಿಂತಾಗ, ಇದರಲ್ಲಿ ಒಂದು ಅಗುಳೂ ಇನ್ನು ನನ್ನ ಮಗಳ ಬಾಯಿಗೆ ಹೋಗುವಂತಿಲ್ಲ ಎಂಬುದು ತಲೆಗೆ ಹತ್ತಿತು.

ಆಗ ಅವಳಿಗೆ ಏಳು ವರ್ಷ. ತೊಂಬತ್ತರ ದಶಕದ ನಡುಭಾಗ. ಫಿಟ್ಸ್ ಎಂದರೆ ನಮ್ಮ ಜನಕ್ಕೆ ಬಾಯಲ್ಲಿ ನೊರೆ, ಕೈಕಾಲು ಸೆಳೆತ ಇಷ್ಟೇ ಗೊತ್ತು. ಇವಳದ್ದು ಬೇರೆ ಥರ. ನಿಂತವಳು ನಿಂತಲ್ಲೇ ದಾರ ಕತ್ತರಿಸಿದ ಹಾಗೆ ಬೀಳುವಳು, ಮರುಕ್ಷಣ ಏಳುವಳು, ಏನಾಯಿತೆಂದು ಅವಳಿಗೇ ತಿಳಿಯದು. ದಿನಕ್ಕೆ ಎಷ್ಟು ಸಲ ಎಂದು ಲೆಕ್ಕ ಇಡುವುದೇ ಕಷ್ಟವಾಗಿತ್ತು. ತಲೆಗೆ ಹೆಲ್ಮೆಟ್ ಹಾಕಿಯೇ ಇಡಬೇಕು. ಶಾಲೆಯವರು ಅರ್ಧ ದಿನ ಮಾತ್ರ ಇಟ್ಟುಕೊಳ್ಳಲು ಒಪ್ಪಿದ್ದರು.

ಔಷಧಿಗಳ ಸರದಿ ಅಷ್ಟರಲ್ಲೇ ಮುಗಿಯುತ್ತ ಬಂದಿತ್ತು. ಮೊದಲನೆಯದು ಫಿನೋಬಾರ್ಬಿಟಾಲ್. ದೊಡ್ಡವರಿಗೆ ನಿದ್ದೆ ಬರಿಸುವ ಈ ಔಷಧಿ ಕೆಲವು ಮಕ್ಕಳಿಗೆ ಉಲ್ಟಾ ಹೊಡೆಯುತ್ತದೆ ಎಂದು ನಮಗೆ ಗೊತ್ತಾದದ್ದು ಅವಳು ಟೀಚರ್‌ನ ಕೈ ಕಚ್ಚಿದ ಮೇಲೆ. ಹೆದರುವ ಸ್ವಭಾವದ ಹುಡುಗಿ, ಅಮ್ಮನಿಗೇ ಹೊಡೆಯಲು ಹೋಗುವಳು. ಸ್ವಲ್ಪ ಹೊತ್ತಿಗೆಲ್ಲ ಗೋಡೆ ನೋಡುತ್ತ ಕೂರುವಳು, ಹೆಸರು ಹಿಡಿದು ಕರೆದರೂ ತಿರುಗಳು. ಎರಡನೆಯ ಔಷಧಿಗೆ ಮೈತುಂಬ ಗಂದೆ ಎದ್ದು ವಾರದೊಳಗೆ ನಿಲ್ಲಿಸಿದರು. ಮೂರನೆಯದು ವ್ಯಾಲ್ಪ್ರೊಯೇಟ್. ಇದರಲ್ಲಿ ಬೀಳುವುದು ತುಸು ಕಡಿಮೆಯಾಯಿತು, ಆದರೆ ಬಾಚಣಿಗೆಗೆ ಕೂದಲು ಹಿಡಿಹಿಡಿಯಾಗಿ ಬರತೊಡಗಿತು, ಮೈ ಊದಿತು, ಲಿವರಿಗೆ ಏನಾದರೂ ಆದೀತೆಂದು ಆಗಾಗ ರಕ್ತ ತೆಗೆಯುವರು. ಎಲ್ಲಕ್ಕಿಂತ ಹೆಚ್ಚಾಗಿ ಕೈ ನಡುಗಲು ಶುರುವಾಯಿತು. ಪೆನ್ಸಿಲ್ ಹಿಡಿದರೆ ಗೆರೆ ಅಲೆಯಾಗುತ್ತದೆ, ಚಮಚ ಹಿಡಿದರೆ ಬಾಯಿಗೆ ಬರುವಷ್ಟರಲ್ಲಿ ಅರ್ಧ ಮೇಜಿನ ಮೇಲೆ. ಆಗಲೇ ನನ್ನ ಹೆಂಡತಿ ಅವಳಿಗೆ ಮತ್ತೆ ಕೈತುತ್ತು ಹಾಕಲು ಶುರು ಮಾಡಿದ್ದು. ಏಳು ವರ್ಷದ ಹುಡುಗಿಯನ್ನು ಎರಡು ವರ್ಷದ ಕೂಸಿನಂತೆ ಮುಂದೆ ಕೂರಿಸಿಕೊಂಡು, ಕಲಸಿ, ಉಂಡೆ ಕಟ್ಟಿ ಬಾಯಿಗಿಡುವಳು. ದಿನದಲ್ಲಿ ತಾಯಿ ಮಗಳು ಇಬ್ಬರೂ ಸುಮ್ಮನೆ, ಸಮಾಧಾನದಿಂದ ಇರುತ್ತಿದ್ದುದು ಆ ಮೂರು ಹೊತ್ತು ಮಾತ್ರ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಔಷಧಿಯಿಂದ ಮಗುವಿಗೆ ಏನೇ ಆಗುತ್ತಿರಲಿ, ನೀವಾಗಿ ಅದನ್ನು ನಿಲ್ಲಿಸಬೇಡಿ. ನಿಧಾನವಾಗಿ, ಡಾಕ್ಟರ ಲೆಕ್ಕದ ಪ್ರಕಾರವೇ ಇಳಿಸಬೇಕು. ನನ್ನ ಗಿರಾಕಿಯೊಬ್ಬರು ಊರಿಂದ ಬಂದ ಯಾವುದೋ ಪುಡಿ ನಂಬಿ ಮಗನ ಮಾತ್ರೆ ಒಮ್ಮೆಲೇ ನಿಲ್ಲಿಸಿ, ಅವನನ್ನು ಐಸಿಯು ತನಕ ಕಳಿಸಿದ್ದನ್ನು ಕಂಡಿದ್ದೇನೆ.

ನಮ್ಮ ನ್ಯೂರಾಲಜಿಸ್ಟ್ ನಡುವಯಸ್ಸಿನ ಹೆಂಗಸು. ಸುತ್ತುಬಳಸು ಇಲ್ಲ. ವ್ಯಾಲ್ಪ್ರೊಯೇಟನ್ನು ಇನ್ನೂ ಏರಿಸಲು ಲಿವರು ಬಿಡುವುದಿಲ್ಲ; ಉಳಿದದ್ದು ಒಂದು ಹಳೆಯ ಪಥ್ಯ, ಈಗ ಮತ್ತೆ ಹಲವರು ಮಾಡುತ್ತಿದ್ದಾರೆ ಎಂದರು. ಅನ್ನ, ರೊಟ್ಟಿ, ಹಣ್ಣು, ಸಕ್ಕರೆ ಎಲ್ಲ ಬಂದ್. ಬರೀ ಕೊಬ್ಬು. ಮೈ ಸಕ್ಕರೆಯ ಬದಲು ಕೊಬ್ಬನ್ನು ಉರಿಸುವಂತಾದರೆ ಕೆಲವು ಮಕ್ಕಳಿಗೆ ಫಿಟ್ಸ್ ಇಳಿಯುತ್ತದೆ, ಎಲ್ಲರಿಗೂ ಅಲ್ಲ. ಬೇಸಿಗೆಯಲ್ಲಿ ಶುರು ಮಾಡೋಣ, ಚಳಿಗಾಲ ಮುಗಿಯುವಾಗ ನೋಡೋಣ. ಬೀಳುವುದು ಅರ್ಧಕ್ಕಾದರೂ ಇಳಿಯದಿದ್ದರೆ ಮೊದಲಿನ ಫಿನೋಬಾರ್ಬಿಟಾಲನ್ನೇ, ದೊಡ್ಡ ಡೋಸಿನಲ್ಲಿ, ಮತ್ತೆ ಕೊಡದೆ ದಾರಿಯಿಲ್ಲ ಎಂದರು.

ಪಾರ್ಕಿಂಗಿಗೆ ಬಂದೆವು. ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿ, ಬಾಗಿಲು ಮುಚ್ಚಿದ ಮೇಲೆ ಹೆಂಡತಿ ಹೇಳಿದಳು:

"ರೀ, ಏನ್ ಬೇಕಾದ್ರೂ ಮಾಡ್ತೀನಿ. ಆ ಔಷಧಿ ಮಾತ್ರ ಬೇಡ. ಅದ್ರಲ್ಲಿದ್ದಾಗ ಇವ್ಳು ನನ್ನ ಮಗಳೇ ಅಲ್ಲ ಅನ್ನಿಸ್ಬಿಡ್ತಿತ್ತು."

ಪಥ್ಯ ಕಲಿಸಲು ಆಸ್ಪತ್ರೆಯಲ್ಲೊಬ್ಬರು ಡಯೆಟಿಷಿಯನ್ ಇದ್ದರು, ಚಿಕ್ಕ ವಯಸ್ಸಿನ ಅಮೆರಿಕನ್ ಹುಡುಗಿ. ಲೆಕ್ಕ ಇಷ್ಟು: ಉಳಿದೆಲ್ಲ ಆಹಾರ ಸೇರಿ ಒಂದು ಪಾಲಾದರೆ ಕೊಬ್ಬು ನಾಲ್ಕು ಪಾಲು. ಗ್ರಾಮಿನ ಲೆಕ್ಕದಲ್ಲಿ ತೂಗಬೇಕು. ತಟ್ಟೆಗೆ ಹಾಕಿದ್ದರಲ್ಲಿ ಒಂದು ಚೂರೂ ಉಳಿಯಬಾರದು, ಹೊರಗಿನ ಒಂದು ಚೂರೂ ಸೇರಬಾರದು. ಅವರ ಪಟ್ಟಿಯಲ್ಲಿ ಗಟ್ಟಿ ಕ್ರೀಮು, ಬೆಣ್ಣೆ, ಮೊಟ್ಟೆ, ಮೆಕ್ಕೆಜೋಳದ ಎಣ್ಣೆ ಇತ್ತು. ಮೊಟ್ಟೆ ನಮ್ಮ ಮನೆಯಲ್ಲಿ ನಡೆಯುತ್ತದೆ. ಜೋಳದೆಣ್ಣೆಯ ವಾಸನೆಗೇ ಮಗಳು ಮುಖ ತಿರುಗಿಸುವವಳು.

ನಾನು ಚೌಕಾಶಿಗೆ ಕೂತೆ. ನಾನು ಕುಂದಾಪುರದ ಕಡೆಯವನು, ತೆಂಗಿನೆಣ್ಣೆಯಲ್ಲಿ ಬೆಳೆದವನು. ಹೆಂಡತಿ ಮೈಸೂರಿನವಳಾದರೂ ನನ್ನ ಮನೆಗೆ ಬಂದ ಮೇಲೆ ಅದರ ರುಚಿ ಹಿಡಿದಿದ್ದಳು. ಮಗಳಿಗಂತೂ ಅದೇ ಇಷ್ಟ. ಡಯೆಟಿಷಿಯನ್ ಕೊಲೆಸ್ಟರಾಲ್ ಎಂದರು. ನಾಲ್ಕು ಪಾಲು ಬೆಣ್ಣೆ ತಿನ್ನಿಸುವವರು ಕೊಲೆಸ್ಟರಾಲಿನ ಮಾತಾಡಬಾರದು ಎಂದೆ. ಮಗು ತಿನ್ನದ ಎಣ್ಣೆ ಎಷ್ಟು ಒಳ್ಳೆಯದಾದರೇನು, ತಿನ್ನುವ ಎಣ್ಣೆಯ ಲೆಕ್ಕ ಹಾಕಿ ಕೊಡಿ ಎಂದೆ. ಅವರು ನಕ್ಕು, ಮೇಲಿನವರನ್ನು ಕೇಳಿ ಬಂದು, ಊಟದ ಎಣ್ಣೆಯನ್ನೆಲ್ಲ ತೆಂಗಿನೆಣ್ಣೆಗೆ ಬದಲಾಯಿಸಿ ಕೊಟ್ಟರು. ಹೊರಡುವಾಗ ರಬ್ಬರಿನ ಒಂದು ಸಣ್ಣ ಸಟ್ಟುಗ ಕೊಟ್ಟು, ಕೊನೆಯಲ್ಲಿ ಬಟ್ಟಲನ್ನು ಇದರಿಂದ ಕೆರೆದು ತಿನ್ನಿಸಿ ಎಂದರು. ನಮ್ಮವರು ತಟ್ಟೆಯನ್ನು ಬೆರಳಲ್ಲಿ ಒರೆಸಿ ಉಣ್ಣುವವರು, ರಬ್ಬರು ಬೇಕಾಗುವುದಿಲ್ಲ ಎಂದು ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಹೆಂಡತಿ ಅದನ್ನು ಡ್ರಾಯರಿನೊಳಗೆ ಹಾಕಿದಳು.

ಶುರು ಮಾಡುವ ಮೊದಲು ಆಸ್ಪತ್ರೆಯಲ್ಲಿ ಉಪವಾಸ ಹಾಕುತ್ತಾರೆ. ಆಗಿನ ಕ್ರಮ ಅದು. ನೀರನ್ನೂ ಅಳೆದೇ ಕೊಡುವರು. ಪಕ್ಕದ ಹಾಸಿಗೆಯ ಮಗುವಿಗೆ ಟ್ರೇ ಬಂದಾಗಲೆಲ್ಲ ನಾವು ಪರದೆ ಎಳೆಯುತ್ತಿದ್ದೆವು. ಮಗಳು ಅಳಲಿಲ್ಲ, ಅಮ್ಮನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಮೂಸುತ್ತ ಮಲಗಿದಳು. ಹಿಂದಿನ ದಿನದ ಸಾರಿನ ವಾಸನೆ ಅದರಲ್ಲಿ ಇನ್ನೂ ಇತ್ತೋ ಏನೋ.

ಮನೆಗೆ ಬಂದ ಮೇಲೆ ನಮ್ಮ ಅಡುಗೆಮನೆ ಔಷಧಿ ಅಂಗಡಿಯಂತಾಯಿತು. ಬೆಳಿಗ್ಗೆ ಎದ್ದ ಕೂಡಲೇ ಮಗಳ ಮೂತ್ರದಲ್ಲಿ ಕಾಗದದ ಪಟ್ಟಿ ಅದ್ದಿ ಬಣ್ಣ ನೋಡಬೇಕು. ಕಡುನೇರಳೆ ಬಂದರೆ ಮೈ ಕೊಬ್ಬನ್ನು ಉರಿಸುತ್ತಿದೆ ಎಂದರ್ಥ. ತಿಳಿಗುಲಾಬಿಯಾದರೆ ಎಲ್ಲೋ ಸಕ್ಕರೆ ನುಗ್ಗಿದೆ ಅಥವಾ ಕೊಬ್ಬು ಸಾಲುತ್ತಿಲ್ಲ. ಆಮೇಲೆ ತೂಕ. ಕ್ರೀಮು ಇಷ್ಟು, ಮೊಟ್ಟೆ ಇಷ್ಟು, ಎಲೆಕೋಸು ಒಂದು ಹಿಡಿಗಿಂತ ಕಡಿಮೆ. ಹೆಂಡತಿ ಎಲೆಕೋಸನ್ನು ಸಣ್ಣಗೆ ಕೊಚ್ಚಿ ಬೇಯಿಸಿ, ಪನೀರು ಪುಡಿಮಾಡಿ, ತೆಂಗಿನೆಣ್ಣೆ ಹಾಕಿ ಕಲಸಿ, ಅದಕ್ಕೆ ಉಪ್ಪಿಟ್ಟು ಎಂದು ಹೆಸರಿಟ್ಟಿದ್ದಳು. ಕ್ರೀಮನ್ನು ಕಡೆದು ಫ್ರೀಜರಿನಲ್ಲಿಟ್ಟರೆ ಐಸ್‌ಕ್ರೀಮ್. ಮಗಳು ಮೋಸ ಹೋಗಲಿಲ್ಲ, ಆದರೆ ತಿಂದಳು. ಔಷಧಿಯ ಸಿರಪ್ಪಿನಲ್ಲೂ ಸಕ್ಕರೆ ಇರುತ್ತದೆ. ಫಾರ್ಮಸಿಸ್ಟರನ್ನು ಫೋನಿನಲ್ಲಿ ಹಿಡಿದು ಒಂದೊಂದರ ಒಳಗೆ ಏನಿದೆ ಎಂದು ಓದಿಸಿ, ಸಿರಪ್ಪನ್ನು ಬಿಡಿಸಿ ಕ್ಯಾಪ್ಸೂಲಿಗೆ ಬದಲಾಯಿಸಿಕೊಂಡೆವು. ಈ ಪಥ್ಯ ಮಾಡುವವರು ಇದನ್ನು ಮೊದಲ ದಿನವೇ ಮಾಡಿ. ಕೇಳದೆ ಯಾರೂ ಹೇಳುವುದಿಲ್ಲ.

ಆಗಸ್ಟ್ ಮುಗಿಯುವ ಹೊತ್ತಿಗೆ ಬೀಳುವುದು ಇಳಿಯಿತು. ಮೊದಲು ನಮಗೆ ನಂಬಿಕೆ ಬರಲಿಲ್ಲ. ಒಬ್ಬರಿಗೊಬ್ಬರು ಹೇಳಿದರೆ ಎಲ್ಲಿ ಮತ್ತೆ ಶುರುವಾಗುತ್ತದೋ ಎಂದು ಇಬ್ಬರೂ ಸುಮ್ಮನಿದ್ದೆವು. ಸೆಪ್ಟೆಂಬರಿನಲ್ಲಿ ಒಂದು ಪೂರ್ತಿ ದಿನ ಬೀಳದೆ ಕಳೆದಳು. ಡಾಕ್ಟರು ವ್ಯಾಲ್ಪ್ರೊಯೇಟನ್ನು ಒಂದು ಮೆಟ್ಟಿಲು ಇಳಿಸಿದರು. ಕೈಯ ನಡುಕ ಕಡಿಮೆಯಾಯಿತು, ಕಣ್ಣಿಗೆ ಬೆಳಕು ಬಂತು. ಒಂದು ಸಂಜೆ ಅಂಗಡಿಯಲ್ಲಿ ಕೂತಿದ್ದವಳು, ಬೆಂಡೆಕಾಯಿಯನ್ನು ಒಂದೊಂದೇ ಮುರಿದು ನೋಡುತ್ತಿದ್ದ ಗಿರಾಕಿಯನ್ನು ತೋರಿಸಿ, "ಅಪ್ಪ, ಶಿ ಈಸ್ ಬ್ರೇಕಿಂಗ್ ಆಲ್ ಆಫ್ ದೆಮ್, ಟೆಲ್ ಹರ್ ಶಿ ಹ್ಯಾಸ್ ಟು ಬೈ" ಎಂದಳು. ಮಗಳು ಸುತ್ತಲಿನದನ್ನು ಗಮನಿಸಿ ಮಾತಾಡಿ ಎಷ್ಟು ಕಾಲವಾಗಿತ್ತು.

ನವೆಂಬರಿನಲ್ಲಿ ಪಟ್ಟಿಯ ಬಣ್ಣ ತಿಳಿಯಾಗತೊಡಗಿತು. ವಾರದೊಳಗೆ ಅವಳು ಮತ್ತೆ ಬೀಳಲು ಶುರು.

ಸಕ್ಕರೆ ಎಲ್ಲಿಂದ ನುಗ್ಗುತ್ತಿದೆ ಎಂದು ಹುಡುಕಿದೆವು. ಟೂತ್‌ಪೇಸ್ಟ್ ಬದಲಾಯಿಸಿದೆವು, ತುಟಿಗೆ ಹಚ್ಚುವುದನ್ನು ಬದಲಾಯಿಸಿದೆವು. ಶಾಲೆಗೆ ಹೋಗಿ ಬೇರೆ ಮಕ್ಕಳ ಬಿಸ್ಕತ್ತು ಇವಳ ಕೈಗೆ ಸಿಗದಂತೆ ಬೇರೆ ಮೇಜು ಹಾಕಿಸಿದೆ. ದೀಪಾವಳಿಗೆ ಕನ್ನಡದವರೆಲ್ಲ ಸೇರಿದ್ದಾಗ, ಊಟದ ಸಾಲಿನಲ್ಲೇ ಅವಳು ಬಿದ್ದಳು. ಅವಳು ಏಳುವ ಮೊದಲೇ ಒಬ್ಬರು ಅಂಕಲ್ ಓಡಿಬಂದು ಕಾರಿನ ಕೀ ಗೊಂಚಲನ್ನು ಅವಳ ಮುಷ್ಟಿಯೊಳಗೆ ತುರುಕಿದರು, ಕಬ್ಬಿಣ ಹಿಡಿದರೆ ನಿಲ್ಲುತ್ತದೆ ಎಂದು. ಅವಳು ಎದ್ದಾಗ ಅಂಗೈಯಲ್ಲಿ ಕೀಯ ಹಲ್ಲಿನ ಗುರುತು. ದಯವಿಟ್ಟು ಯಾರಿಗೂ ಹೀಗೆ ಮಾಡಬೇಡಿ. ಪಕ್ಕಕ್ಕೆ ತಿರುಗಿಸಿ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಕಾಯಿರಿ, ಅಷ್ಟೇ. ಅದೇ ಹೊತ್ತಿನಲ್ಲಿ ಒಬ್ಬರು ಆಂಟಿ ನನ್ನ ಹೆಂಡತಿಗೆ ಹೇಳುತ್ತಿದ್ದರು: "ಒಂದ್ ಚೂರು ಹೋಳಿಗೆ ಕೊಟ್ರೆ ಏನಾಗತ್ತಮ್ಮ? ಎಲ್ಲಾರೂ ತಿನ್ನೋವಾಗ ಮಗೂಗೆ ಆಸೆ ಆಗಲ್ವಾ? ಆ ಆಸೆಗೇ ಹಿಂಗಾಗ್ತಿರ್ಬೇಕು." ಅವತ್ತಿನಿಂದ ನಾವು ಎಲ್ಲೂ ಹೋಗುವುದನ್ನು ನಿಲ್ಲಿಸಿದೆವು. ಕರೆಯುವವರೂ ಮೆಲ್ಲಗೆ ನಿಲ್ಲಿಸಿದರು.

ಬೀಳುವುದು ಮಾತ್ರ ನಿಲ್ಲಲಿಲ್ಲ. ಹೊರಗಿನವರನ್ನೆಲ್ಲ ಅನುಮಾನಿಸಿ ಮುಗಿದ ಮೇಲೆ ಉಳಿದವರು ನಾವಿಬ್ಬರೇ. ಮಗಳು ಕೇಳಿದಾಗ ಕರುಳು ತಡೆಯದೆ ಒಂದು ತುತ್ತು ಅನ್ನ ಏನಾದರೂ ಕೊಟ್ಟೆಯಾ ಎಂದು ನಾನು ಹೆಂಡತಿಯನ್ನು ಕೇಳಿದೆ. ಅವಳು ತೂಗುತ್ತಿದ್ದ ಬೆಣ್ಣೆಯನ್ನು ಕೆಳಗಿಟ್ಟಳು.

"ನಾನು ಅವಳ ಎದುರಿಗೆ ಅನ್ನ ತಿಂದು ನಾಲ್ಕ್ ತಿಂಗಳಾಯ್ತು. ನೀವು ಅಂಗಡೀಲಿ ಅವಳನ್ನ ಕೂರಿಸ್ಕೊಂಡಾಗ ಎಷ್ಟು ಹೊತ್ತು ಅವಳ ಕಡೆ ನೋಡ್ತೀರಿ, ಹೇಳಿ. ಸುತ್ತ ಬರ್ಫಿ, ಬಿಸ್ಕತ್ತು."

ಮರುದಿನದಿಂದ ಮಗಳನ್ನು ಅಂಗಡಿಗೆ ತರುವುದೂ ನಿಂತಿತು.

ಡಯೆಟಿಷಿಯನ್ ಲೆಕ್ಕ ಬಿಗಿ ಮಾಡಿದರು. ಎಣ್ಣೆ ಹೆಚ್ಚಾಯಿತು, ಎಲೆಕೋಸು ಇನ್ನೂ ಕಡಿಮೆಯಾಯಿತು. ಮಗಳು ವಾಂತಿ ಮಾಡಿಕೊಂಡಳು, ಮಲಬದ್ಧತೆಯಿಂದ ಒದ್ದಾಡಿದಳು, ಮೈ ಇಳಿಯಿತು. ಪಟ್ಟಿ ಮಾತ್ರ ತಿಳಿಗುಲಾಬಿಯಲ್ಲೇ ನಿಂತಿತ್ತು. ಡಿಸೆಂಬರಿನಲ್ಲಿ ಅವಳು ಸ್ನಾನದ ಮನೆಯ ಬಾಗಿಲಲ್ಲಿ ಬಿದ್ದು ಗದ್ದ ಒಡೆದುಕೊಂಡಳು; ಹೆಲ್ಮೆಟ್ ತಲೆ ಕಾಯುತ್ತದೆ, ಗದ್ದ ಕಾಯುವುದಿಲ್ಲ. ಹೊಲಿಗೆ ಹಾಕಿಸಿಕೊಂಡು ಬಂದ ಮರುದಿನ ನ್ಯೂರಾಲಜಿಸ್ಟ್ ಫೋನ್ ಮಾಡಿ, ಪಥ್ಯ ಇವಳಿಗೆ ಹಿಡಿಯುತ್ತಿಲ್ಲ ಎನ್ನಿಸುತ್ತದೆ, ಫೆಬ್ರವರಿ ಕೊನೆಯ ಭೇಟಿಯಲ್ಲಿ ಫಿನೋಬಾರ್ಬಿಟಾಲ್ ಬರೆದುಕೊಡುವುದಕ್ಕೆ ನೀವು ಮನಸ್ಸು ಸಿದ್ಧಮಾಡಿಕೊಳ್ಳಿ ಎಂದರು. ಹೆಂಡತಿ ಇನ್ನೊಂದು ಕೋಣೆಯ ಫೋನ್ ಎತ್ತಿ ಕೇಳಿಸಿಕೊಂಡಿದ್ದಳು ಎಂದು ನನಗೆ ಗೊತ್ತಾದದ್ದು, ನಾನು ಇಟ್ಟ ಮೇಲೂ ಅವಳು ಅದನ್ನು ಇಡದೆ ಕೂತಿದ್ದರಿಂದ.

ಜನವರಿಯಲ್ಲಿ ದೊಡ್ಡ ಹಿಮ ಬಿತ್ತು. ರಸ್ತೆಗಳು ಮುಚ್ಚಿದವು, ಅಂಗಡಿ ತೆಗೆಯುವಂತಿರಲಿಲ್ಲ. ತಿಂಗಳುಗಳ ನಂತರ ಮೊದಲ ಸಲ ಮಗಳ ಮಧ್ಯಾಹ್ನದ ಊಟದ ಹೊತ್ತಿಗೆ ನಾನು ಮನೆಯಲ್ಲಿದ್ದೆ.

ಹೆಂಡತಿ ಸ್ಟೀಲಿನ ತಟ್ಟೆಯಲ್ಲಿ ಉಪ್ಪಿಟ್ಟು ಕಲಸಿ, ಮಗಳನ್ನು ಮುಂದೆ ಕೂರಿಸಿಕೊಂಡು, ಸಣ್ಣ ಸಣ್ಣ ತುತ್ತು ಕಟ್ಟಿ ಹಾಕುತ್ತಿದ್ದಳು. ಮಗಳು ಒಂದೊಂದು ತುತ್ತನ್ನೂ ಬಹಳ ಹೊತ್ತು ಬಾಯಲ್ಲಿಟ್ಟುಕೊಳ್ಳುವಳು. ಹೀಟರಿನ ಖರ್ಚು ಉಳಿಸಲು ನಾನು ಮನೆಯನ್ನು ತಣ್ಣಗೇ ಇಡುವವನು, ಮೂವರೂ ಸ್ವೆಟರಿನಲ್ಲಿದ್ದೆವು. ಕೊನೆಗೆ ಹೆಂಡತಿ ಬೆರಳಲ್ಲಿ ತಟ್ಟೆ ಒರೆಸಿ, ಕೊನೆಯ ತುತ್ತು ಹಾಕಿ, ಎದ್ದು ಹೋಗಿ ತಟ್ಟೆಯನ್ನು ಸಿಂಕಿನಲ್ಲಿಟ್ಟು ಬಿಸಿನೀರು ಬಿಟ್ಟಳು. ನಾನು ಪಕ್ಕದಲ್ಲಿ ಲೋಟ ತೊಳೆಯಲು ನಿಂತಿದ್ದೆ. ತಟ್ಟೆಯ ಅಂಚಿನಿಂದ ಬಿಳಿಯ ಪೊರೆಯೊಂದು ಕರಗಿ, ನೀರಿನ ಮೇಲೆ ಕಣ್ಣುಕಣ್ಣಾಗಿ ತೇಲಿ, ತೂತಿನೊಳಗೆ ಇಳಿಯಿತು.

ನಲ್ಲಿ ನಿಲ್ಲಿಸಿ ತಟ್ಟೆಯನ್ನು ಕಿತ್ತುಕೊಂಡೆ. ನೀರು ತಾಗದ ಕಡೆ ಉಗುರಲ್ಲಿ ಕೆರೆದೆ. ಮೇಣದ ಹಾಗೆ ಎದ್ದು ಬಂತು.

ಪ್ರತಿ ಚಳಿಗಾಲ ನನ್ನ ಅಂಗಡಿಯಲ್ಲಿ ಯಾರಾದರೂ ತೆಂಗಿನೆಣ್ಣೆಯ ಬಾಟಲಿ ವಾಪಸು ತರುತ್ತಾರೆ, ಎಣ್ಣೆ ಕೆಟ್ಟು ಗಟ್ಟಿಯಾಗಿದೆ ಎಂದು. ಕೆಟ್ಟಿಲ್ಲ, ಚಳಿಗೆ ಹೆಪ್ಪುಗಟ್ಟಿದೆ, ಬಿಸಿನೀರಿನಲ್ಲಿ ನಿಲ್ಲಿಸಿ ಎಂದು ಬಾಯಿಪಾಠದಂತೆ ಹೇಳಿ ಕಳಿಸುತ್ತೇನೆ. ಶೆಲ್ಫಿನ ಬಾಟಲಿಗಳನ್ನು ಹೀಟರಿನ ಹತ್ತಿರಕ್ಕೆ ನಾನೇ ಸರಿಸಿಡುತ್ತೇನೆ. ಅಂಗಡಿಯ ಬಾಟಲಿಗೆ ಗೊತ್ತಿದ್ದ ಚಳಿ ಮನೆಯ ತಟ್ಟೆಗೂ ಇರುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ಬೇಸಿಗೆಯಲ್ಲಿ ಎಣ್ಣೆ ನೀರಾಗಿತ್ತು. ತಟ್ಟೆ ವಾಲಿಸಿ ಕೊನೆಯ ತುತ್ತಿಗೆ ಬಳಿದರೆ ಎಲ್ಲವೂ ಹೊಟ್ಟೆಗೆ ಹೋಗುತ್ತಿತ್ತು. ಈಗ ಕಲಸಿದ್ದು ಆರುತ್ತ ಆರುತ್ತ ಎಣ್ಣೆ ತಟ್ಟೆಗೆ ಅಂಟಿ ಕೂರುತ್ತಿತ್ತು.

ರಾತ್ರಿಯೂಟಕ್ಕೆ ಅಂಗಡಿಯಲ್ಲಿ ಮಾಡುವ ಹಾಗೆ ಮಾಡಿದೆ. ಖಾಲಿ ತಟ್ಟೆಯನ್ನು ಮೊದಲೇ ತೂಗಿದೆ, ಊಟವಾದ ಮೇಲೆ ಮತ್ತೆ ತೂಗಿದೆ. ಒಂದು ಪೇಪರ್ ಟವೆಲನ್ನು ತೂಗಿ ಹೆಂಡತಿಯ ಕೈಗೆ ಕೊಟ್ಟು, ಬೆರಳಿನ ಸಂದಿಯನ್ನೆಲ್ಲ ಒರೆಸಲು ಹೇಳಿ, ಅದನ್ನೂ ತೂಗಿದೆ. ಅಳೆದು ಹಾಕಿದ ಎಣ್ಣೆಯಲ್ಲಿ ಮೂರರಲ್ಲೊಂದು ಪಾಲು ಮಗಳ ಹೊಟ್ಟೆಗೆ ಹೋಗಿರಲಿಲ್ಲ. ಡಯೆಟಿಷಿಯನ್ ಎಣ್ಣೆ ಹೆಚ್ಚಿಸಿದಷ್ಟೂ ತಟ್ಟೆಗೆ ಮೆತ್ತುವುದು ಹೆಚ್ಚಾಗಿತ್ತು. ತಟ್ಟೆಯಲ್ಲಿ ಉಳಿದದ್ದಕ್ಕಿಂತ ಕೈಗೆ ಹತ್ತಿದ್ದು ಏನೂ ಕಡಿಮೆಯಿರಲಿಲ್ಲ.

ಹೆಂಡತಿ ತಕ್ಕಡಿಯ ಅಂಕಿಯನ್ನೇ ನೋಡುತ್ತಿದ್ದಳು.

"ಅಂದ್ರೆ ನನ್ ಕೈಯಲ್ಲೇ ನಿಂತ್ಬಿಡ್ತಿತ್ತು."

"ಕೈ ಅಲ್ಲ ಮಾರಾಯ್ತಿ, ಎಣ್ಣೆ. ಆ ಎಣ್ಣೆಯೇ ಬೇಕು ಅಂತ ಹಟ ಮಾಡಿದವ ನಾನು."

"ಊಟ ಆದ್ಮೇಲೆ ದಿನಾ ಸೋಪ್ ಹಾಕಿ ಕೈ ತೊಳ್ಕೋತಿದ್ದೆ. ಎಷ್ಟು ಜಿಡ್ಡಪ್ಪಾ ಅಂತ ಬೈಕೊಂಡು."

ಅಂಗಡಿಯಲ್ಲಾದರೆ ಲೆಕ್ಕದ ಸೋರಿಕೆ ಸಿಕ್ಕಿದ ದಿನ ನನಗೆ ಹಬ್ಬ. ಅವತ್ತು ನಾವಿಬ್ಬರೂ ಊಟ ಮಾಡಲಿಲ್ಲ.

ರಸ್ತೆ ತೆರೆದು ಆಸ್ಪತ್ರೆಯ ಆಫೀಸು ಶುರುವಾದ ಮೇಲೆ ಡಯೆಟಿಷಿಯನ್‌ಗೆ ಫೋನ್ ಮಾಡಿದೆ. ತಟ್ಟೆಯನ್ನು ಬೆರಳಲ್ಲಿ ಒರೆಸುತ್ತೇವೆ ಎಂದಷ್ಟೇ ಅಂದು ಹೇಳಿದ್ದೆ; ಇಡೀ ಊಟವನ್ನೇ ಕೈಯಲ್ಲಿ ಕಲಸಿ ತಿನ್ನಿಸುತ್ತೇವೆ ಎಂಬುದು ಅವರಿಗೆ ತಿಳಿದಿರಲಿಲ್ಲ. ಕೇಳಬೇಕೆಂದು ಅವರಿಗೂ ಹೊಳೆದಿರಲಿಲ್ಲ, ಹೇಳಬೇಕೆಂದು ನಮಗೂ. ಹಾಗಾಗಿ ನಿಮಗೆ ನನ್ನ ಸಲಹೆ: ಡಾಕ್ಟರರ ಹತ್ತಿರ ಏನು ತಿನ್ನುತ್ತೀರಿ ಎಂದಷ್ಟೇ ಅಲ್ಲ, ಹೇಗೆ ತಿನ್ನುತ್ತೀರಿ ಎಂಬುದನ್ನೂ ಮಾಡಿ ತೋರಿಸಿ. ಡಯೆಟಿಷಿಯನ್ ತಮ್ಮ ಮೊದಲಿನ ಪಟ್ಟಿಯ ಜೋಳದೆಣ್ಣೆಗೇ ಹೋಗಿ ಎಂದರು. ಬಟ್ಟಲನ್ನು ಬಿಸಿನೀರಿನಲ್ಲಿ ಕೂರಿಸಿ, ಮಗು ಚಮಚದಲ್ಲಿ ತಾನೇ ತಿನ್ನಲಿ, ರಬ್ಬರಿನಿಂದ ಕೆರೆಯಲಿ, ಯಾವ ಎಣ್ಣೆಯಾದರೂ ಬೆರಳಿಗೆ ಅಷ್ಟಿಷ್ಟು ಹತ್ತಿಯೇ ಹತ್ತುತ್ತದೆ, ಯಾರ ಕೈಯೂ ಊಟಕ್ಕೆ ತಾಗುವುದು ಬೇಡ. ಫೆಬ್ರವರಿಯ ಭೇಟಿ ಮುಂದೆ ಹಾಕಲು ಸಾಧ್ಯವೇ ಎಂದು ಕೇಳಿದೆ. ಡಾಕ್ಟರು ಒಪ್ಪಲಿಲ್ಲ, ಮಗು ದಿನವೂ ಬೀಳುತ್ತಿದೆ, ಕಾಯಲಾಗದು ಎಂದರು. ಉಳಿದದ್ದು ಕೆಲವು ವಾರ.

ಹೆಂಡತಿ ಚಮಚ ಹಿಡಿದು ಕೂತಳು. ಮಗಳು ಚಮಚದ ಕಡೆ ನೋಡಲೇ ಇಲ್ಲ. ಅಮ್ಮನ ಖಾಲಿ ಬಲಗೈ ನೋಡಿ ಬಾಯಿ ತೆರೆಯುವಳು, ಚಮಚ ಬಂದರೆ ಮುಚ್ಚುವಳು. ಊಟ ಆರಿ ಕಸಕ್ಕೆ ಹೋಯಿತು. ಮುಂದಿನ ಊಟವೂ ಹಾಗೇ. ಮೂರನೆಯದಕ್ಕೆ ಹೆಂಡತಿ ತಡೆಯಲಾರದೆ ಕೈ ಹಾಕಿಬಿಟ್ಟಳು, ಜೋಳದೆಣ್ಣೆಯ ವಾಸನೆಯನ್ನೂ ಲೆಕ್ಕಿಸದೆ ಮಗಳು ಪೂರ್ತಿ ತಿಂದಳು, ಮರುದಿನ ಬೆಳಿಗ್ಗೆ ಎರಡು ಸಲ ಬಿದ್ದಳು. ಇದೇ ಆಟ ಇನ್ನೂ ಕೆಲವು ದಿನ ನಡೆಯಿತು. ಕೊನೆಗೆ ಒಂದು ಬೆಳಿಗ್ಗೆ ನಾನು ಹೊರಡುವಾಗ ಹೆಂಡತಿ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಅಂಗಡಿ ಕೀ ಕೊಡಿ. ನಾನು ಮನೇಲಿದ್ರೆ ಇದು ಆಗಲ್ಲ ರೀ. ಊಟದ ಹೊತ್ತಿಗೆ ನೀವಿರಿ, ನಾನಿರಲ್ಲ."

ನಾನು ಅಂಗಡಿಯ ಲೆಕ್ಕ ಯಾರಿಗೂ ಬಿಟ್ಟುಕೊಟ್ಟವನಲ್ಲ. ಕೀ ಕೊಟ್ಟೆ.

ಹಾಗೆ ನಮ್ಮ ಕೆಲಸ ಅದಲುಬದಲಾಯಿತು. ಬೆಳಿಗ್ಗೆ ಮಗಳು ಏಳುವ ಮೊದಲೇ ಹೆಂಡತಿ ಹೊರಡುವಳು. ರಾತ್ರಿಯೂಟ ಮುಗಿದಿದೆ ಎಂದು ನಾನು ಫೋನ್ ಮಾಡಿದ ಮೇಲೆ ಬಾಗಿಲು ಹಾಕಿ ಬರುವಳು. ನಾನು ತೂಗುವುದು, ಕಲಸುವುದು, ಪಟ್ಟಿ ಅದ್ದುವುದು ಕಲಿತೆ. ಸಗಟು ವ್ಯಾಪಾರಿಗಳು ಮನೆಗೇ ಫೋನ್ ಮಾಡತೊಡಗಿದರು.

ಮಗಳ ಜೊತೆ ನಾನು ನನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಪ್ರಯೋಗಿಸಿದೆ. ಇಡೀ ಜೀವನ ನಾನು ಬದುಕಿದ್ದು ಮಾತಿನಲ್ಲಿ. ಒಂದು ಕೊಟ್ಟು ಒಂದು ತೆಗೆದುಕೊಂಡು. ಬೇರೆ ಮಕ್ಕಳಾದರೆ ಚಾಕೊಲೇಟ್ ಎನ್ನಬಹುದು, ಐಸ್‌ಕ್ರೀಮ್ ಎನ್ನಬಹುದು, ಒಂದು ದ್ರಾಕ್ಷಿ ಎನ್ನಬಹುದು. ಚೌಕಾಶಿಗೆ ನನ್ನ ಕೈಯಲ್ಲಿ ಸರಕೇ ಇರಲಿಲ್ಲ. ಅವಳಿಗೆ ಬೇಕಾದದ್ದು ಒಂದೇ, ಅದನ್ನು ನಾನೇ ಅಂಗಡಿಗೆ ಕಳಿಸಿದ್ದೆ. ಮೊದಲ ದಿನ ಅವಳು ಏನೂ ತಿನ್ನಲಿಲ್ಲ. ಎರಡನೆಯ ದಿನ ಕ್ರೀಮು ಮಾತ್ರ ಕುಡಿದಳು. ಡಯೆಟಿಷಿಯನ್‌ಗೆ ಫೋನ್ ಮಾಡಿದರೆ, ನೀರು ಬಿಡದೆ ಕೊಡಿ, ತೀರ ಸುಸ್ತಾದರೆ ಕರೆತನ್ನಿ, ಆದರೆ ಸೋಲಬೇಡಿ ಎಂದರು.

ಅದರ ಮರುದಿನ ಮಧ್ಯಾಹ್ನ ನಾನು ಬೇಳೆ ವ್ಯಾಪಾರಿಯ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದೆ. ತಂತಿ ಎಳೆದುಕೊಂಡು ಕಿಟಕಿಯ ಕಡೆ ತಿರುಗಿದ್ದೆ. ಇಟ್ಟು ತಿರುಗಿದರೆ ಮಗಳು ಚಮಚ ಹಿಡಿದು ತಿನ್ನುತ್ತಿದ್ದಳು. ಕೈ ಇನ್ನೂ ಸ್ವಲ್ಪ ನಡುಗುತ್ತಿತ್ತು. ಮೇಜಿನ ಮೇಲೆ ಚೆಲ್ಲಿದ್ದನ್ನು ನಾನು ರಬ್ಬರಿನಿಂದ ಬಳಿದು ಬಟ್ಟಲಿಗೆ ಹಾಕಿದೆ. ಅವಳೂ ಬಟ್ಟಲು ಕೆರೆದಳು. ಎಲ್ಲ ಮುಗಿದ ಮೇಲೆ ಮುಖ ಎತ್ತದೆ ಕೇಳಿದಳು:

"ಅಪ್ಪ, ಈಸ್ ಅಮ್ಮ ಮ್ಯಾಡ್ ಅಟ್ ಮಿ?"

"ಇಲ್ಲ ಪುಟ್ಟಿ. ಯಾಕೆ?"

"ಮತ್ತೆ ಯಾಕೆ ಶಿ ಗೋಸ್ ಅವೇ ವೆನ್ ಐ ಈಟ್?"

ಎಣ್ಣೆ ಕೈಗೆ ಅಂಟುತ್ತದೆ, ಹೊಟ್ಟೆಗೆ ಹೋಗುವುದಿಲ್ಲ, ಅದಕ್ಕೆ ಎಂದು ತಿಳಿಹೇಳಿದೆ. ಅವಳು ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ಅರ್ಥವಾಯಿತೋ ಇಲ್ಲವೋ, ಓಕೆ ಎಂದಳು. ಅವಳು ತಿಂದಳು ಎಂಬುದನ್ನು ಕೂಡಲೇ ಅಂಗಡಿಗೆ ಫೋನ್ ಮಾಡಿ ಹೇಳಿದೆ. ಮಗಳು ಕೇಳಿದ್ದನ್ನು ಹೇಳಲಿಲ್ಲ.

ವಾರದೊಳಗೆ ಪಟ್ಟಿ ನೇರಳೆಯಾಯಿತು. ಬೀಳುವುದು ಕಡಿಮೆಯಾಗಲು ಇನ್ನೂ ಸ್ವಲ್ಪ ಕಾಲ ಹಿಡಿಯಿತು, ಆದರೆ ಕಡಿಮೆಯಾಯಿತು.

ಇದನ್ನು ಓದಿ ಯಾರೂ ಪಥ್ಯದಿಂದ ಎಲ್ಲ ವಾಸಿಯಾಯಿತು ಎಂದುಕೊಳ್ಳಬಾರದು. ಅವಳನ್ನು ಮುಂದೆ ಬಹಳ ಕಾಲ ಈ ಪಥ್ಯದಲ್ಲೇ ಇಟ್ಟೆವು. ಓರಗೆಯ ಮಕ್ಕಳಿಗಿಂತ ಗಿಡ್ಡಗೆ ಉಳಿದಳು, ಒ‌ಮ್ಮೆ ಕಿಡ್ನಿಯಲ್ಲಿ ಕಲ್ಲಾಯಿತು, ಓದಿನಲ್ಲಿ ಹಿಂದೆ ಬಿದ್ದದ್ದು ಹಿಂದೆಯೇ ಉಳಿಯಿತು. ಫಿಟ್ಸ್ ಪೂರ್ತಿ ಹೋಗಲಿಲ್ಲ. ಫಿನೋಬಾರ್ಬಿಟಾಲ್ ಮಾತ್ರ ಮತ್ತೆ ನಮ್ಮ ಮನೆಗೆ ಬರಲಿಲ್ಲ. ನಾವು ಹೋರಾಡಿದ್ದು ಅಷ್ಟಕ್ಕೇ, ಸಿಕ್ಕಿದ್ದೂ ಅಷ್ಟೇ.

ಫೆಬ್ರವರಿ ಕೊನೆಯ ಆ ಭೇಟಿಯಲ್ಲಿ ಡಾಕ್ಟರು ನಮ್ಮ ಲೆಕ್ಕವನ್ನೆಲ್ಲ ಓದಿ, ಮಗಳನ್ನು ಕಾರಿಡಾರಿನಲ್ಲಿ ನಡೆಸಿ ನೋಡಿ, ಅರ್ಧಕ್ಕಿಂತ ಕೆಳಗೆ ಬಂದಿದೆ, ಮುಂದುವರಿಸಿ ಎಂದರು. ಪ್ರಿಸ್ಕ್ರಿಪ್ಷನ್ ಪ್ಯಾಡು ತೆಗೆಯಲಿಲ್ಲ. ಮಗು ತಾನೇ ತಿನ್ನುವುದು ಕಲಿತಾಯಿತಲ್ಲ, ಇನ್ನು ತಾಯಿ ಪಕ್ಕದಲ್ಲಿ ಕೂತರೂ ಅಡ್ಡಿಯಿಲ್ಲ ಎಂದು ಡಯೆಟಿಷಿಯನ್ ನಗುತ್ತ ಹೇಳಿದರು. ಹೆಂಡತಿ ಇಬ್ಬರಿಗೂ ಥ್ಯಾಂಕ್ಸ್ ಹೇಳಿದಳು. ಕಾರು ಲಾರೆಲ್ಲಿನ ತಿರುವಿನ ಹತ್ತಿರ ಬಂತು.

"ನನ್ನನ್ನ ಅಂಗಡಿ ಹತ್ರ ಇಳಿಸ್ಬಿಡಿ" ಎಂದಳು. "ಊಟದ ಹೊತ್ತಾಯ್ತು."

"ಇವತ್ತೊಂದು ದಿನ ಬಾಗಿಲು ಹಾಕಿದ್ರೂ ಆಗ್ತದೆ. ಈಗ ನೀನು ಜೊತೆಗೆ ಕೂರಬಹುದು ಅಂತ ಅವರೇ ಹೇಳಿದ್ರಲ್ಲ."

"ಅವ್ರು ಹೇಳ್ತಾರೆ ರೀ." ಹಿಂದಿನ ಸೀಟಿಗೆ ಕೇಳಿಸದಂತೆ ದನಿ ತಗ್ಗಿಸಿದಳು. "ಅವ್ಳು ನನ್ನ ಮುಖ ನೋಡಿದ ತಕ್ಷಣ ಈಗ್ಲೂ ಬಾಯಿ ತೆಗೀತಾಳೆ. ನೀವ್ ನೋಡಿಲ್ಲ, ನಾನು ನೋಡಿದೀನಿ. ಅದನ್ನ ನೋಡ್ಕೊಂಡು ಸುಮ್ನೆ ಕೂರಕ್ಕೆ ನಂಗಾಗಲ್ಲ."

ಲಾರೆಲ್‌ಗೆ ತಿರುಗಿ ಅಂಗಡಿಯ ಮುಂದೆ ನಿಲ್ಲಿಸಿದೆ. ಅವಳು ಇಳಿದು, ಮಗಳಿಗೆ ಕೈಬೀಸಿ, ಹೆಪ್ಪುಗಟ್ಟಿದ ಮಂಜಿನ ಮೇಲೆ ಮೆಲ್ಲಗೆ ಹೆಜ್ಜೆ ಇಡುತ್ತ ಹೋದಳು. ಬೀಗ ತೆಗೆದು ಒಳಗಿನ ದೀಪ ಹಾಕುವವರೆಗೆ ಕಾದು, ಗಾಡಿಯನ್ನು ಮನೆಯ ಕಡೆ ತಿರುಗಿಸಿದೆ.